ಲಾಡ್ಜಿನ ಹೊಸ್ತಿಲು ಮತ್ತು ತಾವು ಕೊಟ್ಟ ಪ್ರಮಾಣಪತ್ರ

ಲಾಡ್ಜುಗಳ ಗೋಡೆಗೆ ಪ್ರಮಾಣಪತ್ರ ಹಂಚುವ ಮಾನ್ಯ ಅಧಿಕಾರಿಗಳೇ,

'ಇಲ್ಲಿ ವಿಶೇಷಚೇತನರಿಗೆ ಸುರಕ್ಷಿತ, ಸುಗಮ ಕೋಣೆ ಇದೆ' ಎಂದು ತಾವು ಸಹಿ ಮಾಡಿಕೊಟ್ಟ ಪತ್ರ ಯಾದಗಿರಿಯ ಒಂದು ಲಾಡ್ಜಿನಲ್ಲಿ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿದೆ. ಅದನ್ನು ನಂಬಿದ ನಾನು ಆ ಕೋಣೆಯಲ್ಲಿ ಒಂದು ಮುಂಜಾನೆ ಸಿಕ್ಕಿಹಾಕಿಕೊಂಡೆ. ಬೇಕಾಗಿದ್ದ ಊರಿನ ನೌಕರಿ ಅದರಿಂದಲೇ ಕೈತಪ್ಪಿತು. ಬಾಗಿಲಿಗೆ ಬೀಗವಿತ್ತೇ ಎಂದು ಕೇಳಬೇಡಿ. ಬಾಗಿಲು ತೆರೆದೇ ಇತ್ತು.

ನಾನು ಕೊಡೇಕಲ್ಲಿನವಳು, ಚಿಕ್ಕಂದಿನಿಂದ ಗಾಲಿಕುರ್ಚಿಯಲ್ಲಿ ಓಡಾಡುವವಳು. ಗ್ರಂಥಾಲಯ ಸಹಾಯಕಿಯಾಗಿ ಆಯ್ಕೆಯಾಗಿ, ಕೆಲಸದ ಊರು ಆರಿಸಿಕೊಳ್ಳುವ ಕೌನ್ಸೆಲಿಂಗಿಗೆ ಯಾದಗಿರಿಗೆ ಬರಬೇಕಿತ್ತು. ಬೆಳಗಿನ ಬಸ್ಸು ಹಿಡಿದರೆ ಹೊತ್ತಿಗೆ ಮುಟ್ಟುವುದಿಲ್ಲವೆಂದು ಅವ್ವ ಅಯ್ಯಮ್ಮನೊಂದಿಗೆ ಹಿಂದಿನ ದಿನವೇ ಬಂದೆ. ಶಹಾಪುರದಲ್ಲಿ ಅಣ್ಣನ ಮನೆಯಿದೆ, ಮೆಟ್ಟಿಲಿಲ್ಲದ ಮನೆ. ಆ ಊರೊಂದು ಸಿಕ್ಕರೆ ಸಾಕಿತ್ತು ನನಗೆ.

ಕೋಣೆಗೆ ರ‍್ಯಾಂಪು ಇದೆ, ಬಾಗಿಲು ಅಗಲವಾಗಿದೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಸರಳಿದೆ. ಸುಳ್ಳು ಯಾಕೆ ಹೇಳಲಿ? ಆ ಅಗಲ ಬಾಗಿಲಿಗೆ ಗೇಣೆತ್ತರದ ಸಾಗವಾನಿ ಹೊಸ್ತಿಲೂ ಇದೆ! ಇದೇನೆಂದು ಮ್ಯಾನೇಜರ್ ಪರಶುರಾಮನನ್ನು ಕೇಳಿದೆ.

"ಸಾಹೇಬ್ರು ನೋಡಾಕ ಬಂದಾಗ ಇರ್ಲಿಲ್ರಿ ಅಕ್ಕಾರೆ. ಫೋಟೋ ತಕ್ಕೊಂಡು ಹೋದ ಮ್ಯಾಲ ಕೂಡ್ಸೀವಿ. ಹೊಸ್ತಿಲಿಲ್ಲದ ಖೋಲಿಯೊಳಗ ಯಾರೂ ಇಳ್ಕೊಳ್ಳಾಕ ಒಲ್ಲೆ ಅಂತಾರ್ರಿ. ಲಕ್ಷ್ಮಿ ಎಲ್ಲಿ ನಿಂದ್ರಬೇಕು?"

ಪರಶುರಾಮ ಮತ್ತು ನಮ್ಮನ್ನು ಕರೆತಂದ ಆಟೋದ ಸುಲ್ತಾನಸಾಬ ಸೇರಿ ನನ್ನನ್ನು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಚಿಲಕವೋ ಬಾಗಿಲ ನೆತ್ತಿಯಲ್ಲಿ, ನಿಂತವರ ಕೈಗೆ ಮಾತ್ರ ಸಿಗುವಂತೆ. ಅವ್ವ ಜೊತೆಗಿಲ್ಲದಿದ್ದರೆ ಅಪರಿಚಿತ ಊರಲ್ಲಿ ಬಾಗಿಲು ಹಾಕಿಕೊಳ್ಳದೆ ಮಲಗಬೇಕಿತ್ತು. ತಮ್ಮ ಸುರಕ್ಷಿತ ಎಂಬ ಮಾತಿನ ಅರ್ಥ ಇಷ್ಟೇ ಏನು?

ಮರುದಿನ ಅಮಾವಾಸ್ಯೆ. ಸುಲ್ತಾನಸಾಬ ಆಟೋ ತರುವಷ್ಟರಲ್ಲಿ ಪರಶುರಾಮ ತಲೆಗೆ ನೀರು ಹಾಕಿಕೊಂಡು, ನಮ್ಮ ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಡುತ್ತಿದ್ದ. "ಪೂಜಿ ಮಾಡಾಕತ್ತೀನ್ರಿ, ಮಡೀಲೆ ಅದೀನಿ. ಮುಗಿಯೂತನ ಯಾರನ್ನೂ ಮುಟ್ಟಾಂಗಿಲ್ಲ" ಎಂದ. ಸುಲ್ತಾನಸಾಬನೊಬ್ಬನಿಂದ ನನ್ನನ್ನೂ ಕುರ್ಚಿಯನ್ನೂ ಎತ್ತಲಾಗದು, ಅವ್ವನಿಗೆ ಕೈಕೊಡುವಷ್ಟು ಕಸುವಿಲ್ಲ. ಪಾಪ, ಎಲ್ಲಿಂದಲೋ ಎರಡು ಹಲಗೆ ತಂದ. "ಈ ಕಡಿ ಒಂದು, ಆ ಕಡಿ ಒಂದು ಇಟ್ಟು ದಬ್ಬಿದ್ರ ಆತಲ್ಲಕ್ಕಾ."

ಆಗ ಅಡ್ಡ ನಿಂತವಳು ನನ್ನ ಹೆತ್ತವ್ವ. "ಅಮಾಸಿ ದಿನ ಪೂಜಿ ಮಾಡಿದ ಹೊಸ್ತಿಲ ಮ್ಯಾಲ ಗಾಲಿ ಹಾಯಿಸ್ತೀಯೇನ? ನೌಕರಿಗೆ ಹೊಂಟಾಕಿ ನೀ! ಒಂಚೂರು ತಡಿ."

ತಡೆದೆ. ಪರಶುರಾಮ ಒಂದೊಂದೇ ಬಾಗಿಲು ಮುಗಿಸುತ್ತ ಮೇಲಿನ ಮಹಡಿಗೆ ಹೋದ. ತೆರೆದ ಬಾಗಿಲಿನಿಂದ ಆಟೋ ಕಾಣುತ್ತಿತ್ತು, ರಸ್ತೆ ಕಾಣುತ್ತಿತ್ತು, ಹೋಗುವವರೆಲ್ಲ ಹೋಗುತ್ತಲೇ ಇದ್ದರು. ಯಾರನ್ನು ಬೈಯಲಿ? ನನ್ನ ಒಳ್ಳೆಯದನ್ನೇ ಬಯಸಿದ ಅವ್ವನನ್ನೇ? ಊರಲ್ಲಿ ನಮ್ಮ ಮನೆಯ ತಲೆಬಾಗಿಲಿಗೂ ಹೊಸ್ತಿಲಿದೆ, ಅವ್ವ ಅದನ್ನು ದಿನಾ ಪೂಜಿಸುತ್ತಾಳೆ. ನಾನು ಹಿತ್ತಲ ಬಾಗಿಲಿನಿಂದ ಓಡಾಡುತ್ತೇನೆ. ಈ ಕೋಣೆಗೆ ಹಿತ್ತಲ ಬಾಗಿಲೂ ಇರಲಿಲ್ಲ.

ಕಡೆಗೆ ಕುರ್ಚಿಯಿಂದ ಜಾರಿ ನೆಲಕ್ಕಿಳಿದೆ. ಅಂಗೈ ಊರಿ, ಕಾಲು ಎಳೆದುಕೊಂಡು, ಹೊಸ್ತಿಲ ಮೇಲೆ ಹೊಟ್ಟೆ ಹಾಯಿಸಿ ಆಚೆ ಬಿದ್ದೆ. "ಯವ್ವಾ, ನನ್ನ ಕೂಸ!" ಎಂದು ಅವ್ವ ಬಾಯಿಗೆ ಸೆರಗು ಹಿಡಿದಳು. ಖಾಲಿ ಕುರ್ಚಿಯನ್ನು ಸುಲ್ತಾನಸಾಬ ಒಬ್ಬನೇ ಎತ್ತಿ ತಂದ. ಗಾಲಿ ಮುಟ್ಟಬಾರದ ಅರಿಶಿನವೆಲ್ಲ ನನ್ನ ಸೀರೆಗೆ ಹತ್ತಿತ್ತು.

ಅದೇ ಸೀರೆಯಲ್ಲಿ ಹೋದೆ. ನನ್ನ ಹೆಸರು ಕರೆದಾಗಿತ್ತು, ಶಹಾಪುರ ಬೇರೆಯವರ ಪಾಲಾಗಿತ್ತು. "ಮದಿವಿ ಮನಿಯಿಂದ ಬಂದ್ರೇನ್ರಿ?" ಎಂದು ಗುಮಾಸ್ತ ನಕ್ಕ. "ಸುರಪುರದ್ದೊಂದು ಜಾಗ ಮುಂದಿನ ಸುತ್ತಿಗೆ ಬರ್ತದ. ಹೊತ್ತಿಗೆ ಸರಿಯಾಗಿ ಬರ್ರಿ."

ಮಾನ್ಯರೇ, ಹೊಸ್ತಿಲಿನ ಮೇಲೆ ನನಗೆ ಸಿಟ್ಟಿಲ್ಲ. ಒಮ್ಮೆ ಫೋಟೋ ತೆಗೆದು, ಮತ್ತೆ ಆ ಕಡೆ ತಲೆಹಾಕದ ತಮ್ಮ ಮೇಲಿದೆ. ಹೊಸ್ತಿಲನ್ನು ಪಟ್ಟಿಯಂತೆ ನೆಲಕ್ಕೆ ಸಮನಾಗಿ ಕೂಡಿಸಿದರೆ ಲಕ್ಷ್ಮಿ ಬೇಡವೆನ್ನುವಳೇ? ಕುಳಿತವರ ಕೈಗೆ ಎಟಕುವ ಚಿಲಕ ಹಾಕಿಸಿದರೆ ಸರಕಾರ ಮುಳುಗುವುದೇ? ಮಾಡಿಸಿ. ಆಗದಿದ್ದರೆ ತಮ್ಮ ಪತ್ರವನ್ನು ಗೋಡೆಯಿಂದ ಇಳಿಸಿ, ಇನ್ನೊಬ್ಬರು ನಂಬಿ ಬರುವುದು ಬೇಡ.

ಮುಂದಿನ ಸುತ್ತು ಬರುವ ತಿಂಗಳು. ಫೋನಿನಲ್ಲಿ ಬೇರೆ ಲಾಡ್ಜುಗಳನ್ನು ವಿಚಾರಿಸಿದೆ, ಎಲ್ಲೆಲ್ಲೂ ಮೆಟ್ಟಿಲು. ಹೀಗಾಗಿ ಅದೇ ಕೋಣೆ ಹಿಡಿದಿದ್ದೇನೆ. ಹೊಸ್ತಿಲು ಹಾಗೆಯೇ ಇದ್ದರೆ ಆ ಬೆಳಿಗ್ಗೆ ತಾವು ಖುದ್ದಾಗಿ ಬಂದು ಕುರ್ಚಿಯ ಒಂದು ಬದಿ ಹಿಡಿಯಬೇಕು. ಇನ್ನೊಂದು ಬದಿಗೆ ಸುಲ್ತಾನಸಾಬ ಬರುತ್ತೇನೆಂದು ಮಾತು ಕೊಟ್ಟಿದ್ದಾನೆ.

ಇಂತಿ,
ತೆರೆದ ಬಾಗಿಲೊಳಗೆ ಕಾಯ್ದು ಕುಳಿತವಳು,
ಭುವನೇಶ್ವರಿ, ಕೊಡೇಕಲ್