ಅತ್ತೆಯ ಕೊಸರು

ಮಾರ್ಚ್ ೧೪, ಗುರುವಾರ

ನಾಳೆ ಅಂಗಡಿಗೆ ಕೊಡಬೇಕಾದ ಪರಿಮಳದ ಮೇಣದ ಬಿಲ್ಲೆಗಳ ಒಂದು ಪೊಟ್ಟಣವೂ ಚೀಟಿಯಲ್ಲಿರುವ ತೂಕಕ್ಕೆ ತಾಳೆಯಾಗುತ್ತಿಲ್ಲ. ಎಲ್ಲವೂ ಹೆಚ್ಚು! ಮೊದಲು ತಕ್ಕಡಿಯನ್ನೇ ಬೈದೆ. ಆಮೇಲೆ ಒಂದನ್ನು ಬಿಚ್ಚಿ ನೋಡಿದರೆ, ನಿಂಬೆಯ ಬಿಲ್ಲೆಗಳ ನಡುವೆ ಮಲ್ಲಿಗೆಯದೊಂದು ಚೂರು. ಅತ್ತೆಯದೇ ಕೆಲಸ. ಬಾಳೆಲ್ಲ ತರಕಾರಿ ಮಾರಿದ ಕೈ ಸುಮ್ಮನಿರುವುದೆಲ್ಲಿ?

“ತೂಕ ಸರಿ ಇದ್ರೆ ಸಾಕಾ? ಕೊಸರು ಹಾಕ್ದೆ ಕೊಡೋಕೆ ನಾಚಿಕೆ ಆಗಲ್ವೇನಮ್ಮಾ?” ಎಂದು, ಕೇಳಲು ಹೋದ ನನ್ನನ್ನೇ ಗದರಿದರು.

ಸಿಟ್ಟಿನಿಂದ ಎಲ್ಲವನ್ನೂ ಬಿಚ್ಚಲು ಕೂತೆ. ಮೂಗಿಗೆ ಹಿಡಿದರೆ ನಿಂಬೆಯ ಹಿಂದೆಯೇ ಮಲ್ಲಿಗೆ. ಹಾಳಾದ್ದು, ಚೆನ್ನಾಗಿಯೇ ಇದೆ. ಬಿಚ್ಚುವುದನ್ನು ಬಿಟ್ಟು, ಪ್ರತಿ ಚೀಟಿಯ ಕೆಳಗೂ ಬರೆದೆ: ‘ಜೊತೆಗೆ ಅತ್ತೆಯ ಕೊಸರು.’

ಅತ್ತೆ ಕನ್ನಡಕ ಏರಿಸಿಕೊಂಡು ಓದಿದರು. “ಇಷ್ಟೇ ಇಷ್ಟು ಚೂರಿಗೆ ನನ್ನ ಹೆಸರಾ?” ಎಂದವರು, ಪೊಟ್ಟಣಗಳನ್ನೆಲ್ಲ ಮತ್ತೆ ಮಡಿಲಿಗೆ ಎಳೆದುಕೊಂಡು, ಇನ್ನೊಂದೊಂದು ಚೂರು ಹಾಕುತ್ತಲೇ ಇದ್ದಾರೆ.