ಹಗ್ಗದ ಎರಡು ತುದಿ

ಹದಿನೆಂಟನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಬಾಯಿಬಡುಕಿ ಮಗಳಿಗೆ,

ಅಮ್ಮನ ಆಶೀರ್ವಾದ, ಜೊತೆಗೆ ಎರಡು ಬೈಗುಳ. ಬೈಗುಳ ಯಾಕೆಂದರೆ, ಬಂದರಿನಲ್ಲಿ ಆ ಕ್ರೇನಿನ ಮೇಲೆ ಕೂತು ಕೆಲಸ ನೋಡುವುದು ಬಿಟ್ಟು ಹೊತ್ತು ಗೊತ್ತಿಲ್ಲದೆ ಫೋನ್ ಮಾಡಿ "ಓಟ ಏನಾಯ್ತು" ಎಂದು ಪ್ರಾಣ ತಿನ್ನುತ್ತಿದ್ದೀಯ. ನಾನು ಎತ್ತದೇ ಇದ್ದದ್ದು ತಪ್ಪೇ, ಕ್ಷಮಿಸು. ಎತ್ತಿದರೆ ಅತ್ತುಬಿಡುತ್ತಿದ್ದೆ, ಅಪ್ಪ ಪಕ್ಕದಲ್ಲೇ ಇರುತ್ತಾರೆ. ಪತ್ರ ತಡವಾಗಿದ್ದಕ್ಕೆ ಕಾರಣ ಬೇರೆ. ಎಡಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಮಾತಾಡುವ ಕಂಪ್ಯೂಟರಿನ ಮುಂದೆ ಕೂತು ಒಂದೇ ಕೈಯಲ್ಲಿ ಒತ್ತುತ್ತಿದ್ದೇನೆ. ಆಸ್ಪತ್ರೆಗೆ ರಜೆ ಹಾಕಿದ್ದೇನೆ. ಟೆಲಿಫೋನ್ ಬೋರ್ಡಿನಲ್ಲಿ ನನ್ನ ಜಾಗಕ್ಕೆ ಬಂದ ಹೊಸಬಳು ಹೆರಿಗೆ ವಾರ್ಡಿಗೆ ಬಂದ ಕರೆಯನ್ನು ಶವಾಗಾರಕ್ಕೆ ಕೊಟ್ಟಳಂತೆ. ನಗು ಬಂದರೆ ನಕ್ಕುಬಿಡು, ಮುಂದೆ ನಗುವಂಥದ್ದು ಏನೂ ಇಲ್ಲ.

ನಾನೂ ಅಪ್ಪನೂ ಓಡುವ ಕ್ರಮ ನೀನು ಚಿಕ್ಕವಳಿದ್ದಾಗಿನಿಂದ ನೋಡಿದ್ದೀಯ. ಮೊಳದುದ್ದದ ಹಗ್ಗ, ಒಂದು ತುದಿ ಅವರ ಕೈಗೆ ಕಟ್ಟಿರುತ್ತದೆ, ಇನ್ನೊಂದು ನನ್ನ ಕೈಗೆ. ಅವರು ಒಂದು ಹೆಜ್ಜೆ ಮುಂದೆ, ಬಾಯಿಗೆ ವಿರಾಮವಿಲ್ಲ. ಕಲ್ಲು, ಬೇರು, ಕಾಲೆತ್ತು, ಎಡಕ್ಕೆ ಸರಿ. ಲಿಫ್ಟ್ ರಿಪೇರಿಗೆ ಹೋದರೆ ತುಟಿ ಬಿಚ್ಚದ ಮನುಷ್ಯ ಬೆಟ್ಟದ ಮೇಲೆ ರೇಡಿಯೋ ಆಗಿಬಿಡುತ್ತಾರೆ. ಹುಟ್ಟಿದಾಗಿನಿಂದ ಬೆಳಕು ಕಾಣದ ನಾನು ಕಾಡುದಾರಿಯಲ್ಲಿ ಓಡುತ್ತೇನೆಂದರೆ ಅದು ಆ ಬಾಯಿಯನ್ನು ನಂಬಿ. ಈ ಸಲ ಐವತ್ತು ಕಿಲೋಮೀಟರ್, ಮೂರು ಬೆಟ್ಟ. ಅಪ್ಪ ಮೊದಲೇ ಒಬ್ಬರೇ ಹೋಗಿ ದಾರಿ ಪೂರ್ತಿ ನಡೆದು ಬಂದು, ಪ್ರತಿ ತಿರುವನ್ನೂ ನನಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು.

ಎರಡು ಬೆಟ್ಟ ಸಲೀಸಾಗಿ ಮುಗಿದವು. ಮೂರನೆಯದರ ನೆತ್ತಿಯ ಮೇಲೆ, ಎರಡೂ ಕಡೆ ಗಾಳಿ ಬೀಸುವ ಜಾಗದಲ್ಲಿ, ಅವರ ಬಾಯಿ ನಿಂತುಹೋಯಿತು. ಹಗ್ಗ ಎಳೆಯುತ್ತಿದೆ, ಮಾತಿಲ್ಲ.

"ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡ್ರಾ?" ಎಂದೆ.

"ಕೈ ತೋರಿಸ್ತಾ ಇದೀನಲ್ಲ, ಕಾಣಲ್ವಾ?" ಎಂದರು.

ತಮಾಷೆ ಎಂದುಕೊಂಡೆ. ನಾನೂ ಏನೋ ಕೊಂಕು ಮಾತಾಡಲು ಬಾಯಿ ತೆರೆದೆ, ಅಷ್ಟರಲ್ಲಿ ಕಾಲ ಕೆಳಗಿನ ನೆಲ ಇಲ್ಲವಾಯಿತು. ಮೊಣಕಾಲೆತ್ತರದ ಮೆಟ್ಟಿಲಂಥ ಬಂಡೆ. ಕೈ ಊರಿ ಬಿದ್ದೆ, ಮಣಿಕಟ್ಟು ಲಟಕ್ ಎಂದಿತು. ನೋವಿಗಿಂತ ಮೊದಲು ಕೇಳಿಸಿದ್ದು ಅವರ ಸಿಡುಕು. "ಇಷ್ಟು ದೊಡ್ಡ ಕಲ್ಲು ಕಣ್ಣೆದುರಿಗೇ ಇದೆ. ನೋಡ್ಕೊಂಡು ಬರಬಾರದಾ?" ಆ ದನಿಯಲ್ಲಿ ಒಂದಿಷ್ಟೂ ತಮಾಷೆ ಇರಲಿಲ್ಲ. ನಾನು ಕುರುಡಿ ಎಂಬುದು ಅವರಿಗೆ ಮರೆತುಹೋಗಿತ್ತು.

ಆಮೇಲೆ ಅವರು ಹಗ್ಗವನ್ನು ಮುಟ್ಟಿ ಮುಟ್ಟಿ ನೋಡಿದರು. "ಇದ್ಯಾಕೆ ಕಟ್ಕೊಂಡಿದೀವಿ?" ಎಂದು ಬಿಚ್ಚತೊಡಗಿದರು. ಒಂದು ಕಡೆ ಕಣಿವೆ, ಫೋನಿಗೆ ಸಿಗ್ನಲ್ ಇಲ್ಲ, ನಮ್ಮ ಹಿಂದೆ ಯಾರೂ ಉಳಿದಂತಿಲ್ಲ. ಅವರು ಆ ತುದಿ ಬಿಟ್ಟು ನಡೆದುಬಿಟ್ಟರೆ ನಾನು ಅಲ್ಲಿಯೇ ಕೂತು ಸಾಯಬೇಕು, ಅವರು ಎಲ್ಲೋ ಅಲೆದು ಸಾಯಬೇಕು. ಬೇರೆ ದಾರಿ ತೋಚಲಿಲ್ಲ. "ರೀ, ತಲೆ ಸುತ್ತುತ್ತಿದೆ, ಯಾಕೋ ಕಣ್ಣು ಮಂಜಾಗ್ತಿದೆ, ಹಗ್ಗ ಬಿಡಬೇಡಿ" ಎಂದೆ. ಹುಟ್ಟುಕುರುಡಿ ಕುರುಡಿಯ ನಾಟಕ ಆಡಬೇಕಾಗಿ ಬಂತು ನೋಡು.

"ಅಯ್ಯೋ ಪಾಪ, ಬಿಸಿಲಿಗೆ ಹಾಗಾಗುತ್ತೆ" ಎಂದು ಹಗ್ಗವನ್ನು ಕೈಗೆ ಸುತ್ತಿಕೊಂಡರು.

ಅಲ್ಲಿಂದ ಇಳಿದದ್ದು ಹೇಗೆಂದು ಕೇಳಬೇಡ, ಹೇಳುತ್ತೇನೆ. ಅವರಿಗೆ ಕಾಣುತ್ತದೆ, ದಾರಿ ಗೊತ್ತಿಲ್ಲ. ನನಗೆ ದಾರಿ ಗೊತ್ತು, ಕಾಣುವುದಿಲ್ಲ. "ಮುಂದೆ ಏನಿದೆ ಹೇಳಿ" ಎನ್ನುತ್ತಿದ್ದೆ. "ಒಂದು ಸೀಳಿದ ಮರ, ಆಮೇಲೆ ಎರಡು ದಾರಿ." ಅವರೇ ಕಲಿಸಿದ ಪಾಠ ನನ್ನ ತಲೆಯಲ್ಲಿತ್ತು: ಸೀಳಿದ ಮರದ ಹತ್ತಿರ ಬಲಕ್ಕೆ, ಎಡಕ್ಕೆ ಹೋದರೆ ಪ್ರಪಾತ. "ಬಲಕ್ಕೆ ಹೋಗೋಣ" ಎಂದರೆ "ಅದು ಹೇಗೆ ಗೊತ್ತು ನಿಮಗೆ?" ಎಂದು ಆಶ್ಚರ್ಯಪಟ್ಟರು. ಕೆಲವು ಕಡೆ ಕೂತುಕೊಂಡು ಜಾರುತ್ತಾ ಇಳಿದೆ. ಒಮ್ಮೆ ಅವರು ಸುಮ್ಮನೆ ನಿಂತುಬಿಟ್ಟರು, ಮನೆಗೆ ಹೋಗಬೇಕು ಎಂದು ಮಗುವಿನಂತೆ ಹಟ ಹಿಡಿದರು. ಅದೇ ಕಡೆಗೇ ಹೋಗ್ತಿದೀವಿ ಎಂದು ರಮಿಸಿದೆ. ದೇವರೇ, ಇವರನ್ನು ಕೆಳಗೆ ಮುಟ್ಟಿಸು, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಯಾವ ದೇವರು ಎಂದು ಕೇಳಬೇಡ, ಸಿಕ್ಕಿದವರನ್ನೆಲ್ಲ.

ಕೆಳಗೆ ಮುಟ್ಟುವಷ್ಟರಲ್ಲಿ ಓಟದ ಸಮಯ ಯಾವಾಗಲೋ ಮುಗಿದಿತ್ತು. ಓಟ ಮುಗಿಯುವ ಜಾಗದ ಕಮಾನು ಬಿಚ್ಚುತ್ತಿದ್ದರು, ಕಬ್ಬಿಣದ ಕಂಬಗಳು ಲಾರಿಗೆ ಬೀಳುವ ಸದ್ದು ಕೇಳುತ್ತಿತ್ತು. ನನ್ನ ಕೈ ನೋಡಿ ಓಟದವರ ಚಿಕಿತ್ಸೆಗೆಂದು ಅಲ್ಲಿದ್ದ ನರ್ಸ್ ಓಡಿಬಂದಳು. ಅಪ್ಪನಿಗೆ ಬಿಸಿ ಸೂಪು ಕೊಟ್ಟು ಕಂಬಳಿ ಹೊದಿಸಿ ಮಲಗಿಸಿದರು. ಎದ್ದಾಗ ಸರಿಯಾಗಿದ್ದರು. ನರ್ಸ್ ನನ್ನ ಕೈಗೆ ಕಟ್ಟಿದ್ದ ಪಟ್ಟಿ ಮುಟ್ಟಿ, "ಏನೇ ಇದು, ಎಲ್ಲಿ ಬಿದ್ದೆ?" ಎಂದು ಗಾಬರಿಯಾದರು.

ಈಗ ಅವರು ಅಡುಗೆಮನೆಯಲ್ಲಿ ನಲ್ಲಿ ಬಿಚ್ಚಿ ಕೂತಿದ್ದಾರೆ, ವಾಷರ್ ಸವೆದಿದೆಯಂತೆ. ನಡೆದದ್ದು ಹೇಳಿದರೆ "ಹೊಟ್ಟೆ ಹಸಿದಿತ್ತು, ತಲೆ ಕೆಟ್ಟಿತ್ತು, ಬಿಡು" ಎನ್ನುತ್ತಾರೆ. ನಮ್ಮ ಆಸ್ಪತ್ರೆಯ ನರರೋಗದ ಡಾಕ್ಟರಿಗೆ ಫೋನ್ ಹಚ್ಚಿದೆ. "ಇದು ಫೋನಲ್ಲಿ ಹೇಳೋ ಕಾಯಿಲೆ ಅಲ್ಲಮ್ಮ, ಮೊದಲು ಕರ್ಕೊಂಡು ಬನ್ನಿ" ಎಂದರು. ಇವರು ಜಪ್ಪಯ್ಯ ಎಂದರೂ ಬರುವುದಿಲ್ಲ. ನೀನು ಬಂದು ಕೈ ಹಿಡಿದರೆ ಬಂದಾರು, ನಿನ್ನ ಮಾತು ಅವರು ಇದುವರೆಗೆ ತೆಗೆದುಹಾಕಿಲ್ಲ. ರಜೆ ಸಿಗುವುದಿಲ್ಲ, ಹಡಗು ಬಂದು ನಿಂತಿದೆ ಎಂದೆಲ್ಲ ಹೇಳಬೇಡ ಮಗಳೇ. ನನಗೆ ಹೆದರಿಕೆಯಾಗಿದೆ. ಬೆಳಿಗ್ಗೆ ಎದ್ದಕೂಡಲೇ ಅವರನ್ನು ಏನಾದರೊಂದು ಕೇಳಿ, ಉತ್ತರ ಬರುವವರೆಗೆ ಉಸಿರು ಹಿಡಿದುಕೊಂಡಿರುತ್ತೇನೆ. ಒಬ್ಬಳ ಕೈಲಿ ಇದು ಆಗುವುದಿಲ್ಲ.

ನೀನು ಮೇಲಿಂದ ಇಳಿಸುವ ಪ್ರತಿ ಪೆಟ್ಟಿಗೆಯೂ ಮೆತ್ತಗೆ ನೆಲ ಮುಟ್ಟಲಿ, ನಿನ್ನ ಆಯಸ್ಸು ಗಟ್ಟಿಯಾಗಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ

ತಾ.ಕ.: ಒಂದು ಸಂಗತಿಯನ್ನು ಮೇಲೆ ಬರೆಯಲಿಲ್ಲ, ಡಾಕ್ಟರಿಗೂ ಹೇಳಿಲ್ಲ. ಕೆಳಗೆ ಮುಟ್ಟಿದಾಗ ನರ್ಸ್ ನನ್ನ ತೋಳು ಹಿಡಿದುಕೊಳ್ಳಲು ಬಂದಳು. ಅಪ್ಪ ಹಗ್ಗ ಬಿಡಲಿಲ್ಲ. "ಬೇಡಮ್ಮ, ಇವರನ್ನ ಇವರ ಮನೆಯವರಿಗೆ ಒಪ್ಪಿಸಿಯೇ ಹೋಗ್ತೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ತುಂಬ ಮರ್ಯಾದೆಯಿಂದ, "ನಿಮ್ಮ ಯಜಮಾನ್ರು ಇಲ್ಲೇ ಎಲ್ಲೋ ಕಾಯ್ತಿರ್ತಾರೆ. ನೋಡೋಕೆ ಹೇಗಿದಾರೆ ಹೇಳಿ, ಹುಡುಕಿಕೊಡ್ತೀನಿ" ಎಂದರು. ನೋಡಲು ಹೇಗಿದ್ದಾರೆಂದು ನಾನು ಏನಂತ ಹೇಳಲಿ? ದನಿ ಕೇಳಿದರೆ ಗುರುತು ಹಿಡಿಯುತ್ತೇನೆ ಎಂದೆ. "ಹಾಗಾದ್ರೆ ನಾನು ಮಾತಾಡಲ್ಲ, ನೀವು ಸರಿಯಾಗಿ ಕೇಳಿಸ್ಕೊಳ್ಳಿ" ಎಂದು ಸುಮ್ಮನೆ ನಿಂತರು.