ಸಂಪಾದಕ ಮಂಡಳಿಯಲ್ಲಿ ಮೇಷ್ಟ್ರು

ನವೆಂಬರ್ ೭, ಗುರುವಾರ

ಜೇಡರ ಬಲೆಯ ಮೇಲಿನ ನನ್ನ ಸಂಶೋಧನಾ ಲೇಖನ ಇವತ್ತು ಮತ್ತೆ ತಿರಸ್ಕೃತವಾಗಿ ಬಂತು. ಕಾರಣವನ್ನೂ ಬರೆದಿಲ್ಲ. ಇನ್ನು ಯಾವ ಪತ್ರಿಕೆಗೆ ಕಳಿಸಬೇಕೋ ದಿಕ್ಕೇ ತೋಚುತ್ತಿಲ್ಲ.

ಪಕ್ಕದ ಮೇಜಿನ ಗೆಳತಿ ಒಂದು ಪತ್ರಿಕೆಯ ಜಾಲತಾಣ ತೋರಿಸಿದಳು. "ಇವ್ರಿಗೆ ಕಳ್ಸೇ, ವಾರದೊಳಗೆ ಹಾಕ್ತಾರೆ."

"ದುಡ್ಡು ಕೊಟ್ರೆ ಕಸಾನೂ ಹಾಕ್ತಾರೆ ಅವ್ರು," ಎಂದು ರೇಗಿದೆ.

ಆದರೂ ಮನೆಗೆ ಬಂದು ಅದರ ಸಂಪಾದಕ ಮಂಡಳಿ ನೋಡಿದೆ. ನನಗೆ ಸಂಶೋಧನೆ ಕಲಿಸಿದ ಮೇಷ್ಟ್ರ ಹೆಸರಿದೆ, ಅದೇ ಅರೆನಗುವಿನ ಫೋಟೊ ಸಮೇತ. ಅವರು ತೀರಿಕೊಂಡು ಎರಡು ವರ್ಷವಾಯಿತು. ಮೋಸದ ಪತ್ರಿಕೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ಪುಟ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ನನ್ನ ಒಂದು ಹಾಳೆಯನ್ನೂ ಕೆಂಪು ಶಾಯಿ ಬಳಿಯದೆ ವಾಪಸ್ ಕೊಟ್ಟವರಲ್ಲ ಮೇಷ್ಟ್ರು. ಲೇಖನ ಲಗತ್ತಿಸಿಕೊಂಡು ಕೂತಿದ್ದೇನೆ. ಕಳಿಸಿಬಿಟ್ಟರೆ, ಒಂದು ವೇಳೆ, ಅವರೇ ಓದಿ ಕೆಂಪು ಶಾಯಿ ಬಳಿದು ವಾಪಸ್ ಕಳಿಸಬಹುದೇನೋ…